ಬದಲಾಗುವ ಬದುಕಿನಲ್ಲಿ ಈಮಾನ್ ಮತ್ತು ಭರವಸೆ

ಮನುಷ್ಯನ ಬದುಕು ಒಂದೇ ಸ್ಥಿತಿಯಲ್ಲಿ ನಿಲ್ಲುವುದಿಲ್ಲ. ನಿನ್ನೆಯವರೆಗೆ ತಂದೆಯ ನೆರಳಿನಲ್ಲಿದ್ದ ಹುಡುಗ ಇಂದು ತಾನೇ ಮನೆಯ ಹೊಣೆ ಹೊರಬೇಕಾಗುತ್ತದೆ. ಹೊಲ ನಂಬಿದವನು ಹೊಲ ಬಿಟ್ಟು ಶಹರಕ್ಕೆ ಬರುತ್ತಾನೆ. ಮದುವೆಯಾಗಿ ಹೋದ ಮಗಳು ಎರಡು ಮಕ್ಕಳೊಂದಿಗೆ ತವರಿಗೆ ಮರಳುತ್ತಾಳೆ. ಗಟ್ಟಿಮುಟ್ಟಾಗಿ ಓಡಾಡುತ್ತಿದ್ದವರು ಹಾಸಿಗೆ ಹಿಡಿಯುತ್ತಾರೆ. ಇವೆಲ್ಲ ನಮ್ಮ ಮನೆಗಳಲ್ಲಿ, ನಮ್ಮ ಓಣಿಗಳಲ್ಲಿ ನಡೆಯುತ್ತಲೇ ಇರುವ ಸಂಗತಿಗಳು.

ಇಂತಹ ಹೊತ್ತಿನಲ್ಲಿ ಈಮಾನ್ ಏನಾಗುತ್ತದೆ? ಕೆಲವರಲ್ಲಿ ಅದು ಇನ್ನಷ್ಟು ಬೇರು ಬಿಡುತ್ತದೆ. ಇನ್ನು ಕೆಲವರು ನಮಾಝ್‌ನಿಂದ ದೂರವಾಗುತ್ತಾರೆ, ಜನರಿಂದ ದೂರವಾಗುತ್ತಾರೆ, ಕೊನೆಗೆ ಅಲ್ಲಾಹನ ಕರುಣೆಯ ಬಗ್ಗೆಯೇ ನಿರಾಶರಾಗುತ್ತಾರೆ. ಒಂದೇ ಬಗೆಯ ಕಷ್ಟ ಇಬ್ಬರನ್ನು ಎರಡು ದಿಕ್ಕಿಗೆ ಒಯ್ಯುವುದೇಕೆ? ಕಾರಣಗಳು ಹಲವಿರಬಹುದು. ಆದರೆ ಅವುಗಳಲ್ಲಿ ಒಂದರ ಕಡೆಗೆ ನಾವು ಸಾಕಷ್ಟು ಗಮನ ಕೊಡುತ್ತಿಲ್ಲ. ಕಷ್ಟದ ದಿನದಲ್ಲಿ ಆ ಮನುಷ್ಯ ಒಬ್ಬಂಟಿಯಾಗಿದ್ದನೇ, ಅಥವಾ ಅವನ ಜೊತೆ ಒಂದು ಜಮಾಅತ್ ಇತ್ತೇ ಎಂಬುದೇ ಆ ಕಾರಣ. ಈ ಪಾಠದಲ್ಲಿ ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ.

2,250 ಜಾಗಗಳು

ವಿಜಯಪುರದ ಜಾಮಿಯಾ ಮಸೀದಿಯನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ಕಡಿಮೆ. 1558ರಿಂದ 1580ರವರೆಗೆ ಆಳಿದ ಒಂದನೇ ಅಲಿ ಆದಿಲ್‌ಶಾಹನ ಕಾಲದಲ್ಲಿ ಅದರ ಕೆಲಸ ಆರಂಭವಾಯಿತು. ಮುಂದೆ ಬಂದ ಸುಲ್ತಾನರು ಅದನ್ನು ಬೆಳೆಸಿದರು. 1636ರಲ್ಲಿ ಮುಹಮ್ಮದ್ ಆದಿಲ್‌ಶಾಹನ ಸೇವಕ ಮಲಿಕ್ ಯಾಕೂತ್ ಅದರ ಮಿಹ್ರಾಬನ್ನು ಚಿನ್ನದ ಬಣ್ಣದಿಂದಲೂ ಬರಹಗಳಿಂದಲೂ ಅಲಂಕರಿಸಿದನು. ರಾಜ್ಯ ಐಶ್ವರ್ಯದ ತುದಿಯಲ್ಲಿದ್ದ ದಿನಗಳವು. ಆದರೂ ಆ ಬರಹಗಳು ರಾಜನ ವೈಭವದ ಮಾತನ್ನು ಹೇಳುವುದಿಲ್ಲ. ಈ ಜೀವನ ಅಲ್ಪಕಾಲದ್ದು, ಇದರ ಮೇಲೆ ಭರವಸೆ ಇಡಬಾರದು, ಈ ಲೋಕದಲ್ಲಿ ಯಾರಿಗೂ ಶಾಶ್ವತ ನೆಲೆಯಿಲ್ಲ ಎಂಬ ಎಚ್ಚರಿಕೆಯೇ ಅವುಗಳ ಸಾರ. ಐವತ್ತು ವರ್ಷಗಳಲ್ಲಿ ಆ ಮಾತು ನಿಜವಾಯಿತು. 1686ರಲ್ಲಿ ಔರಂಗಜೇಬನ ಸೈನ್ಯ ನಗರವನ್ನು ಗೆದ್ದಿತು. ಆದಿಲ್‌ಶಾಹಿ ಆಡಳಿತ ಮುಗಿದುಹೋಯಿತು.

ಮಸೀದಿ ಮಾತ್ರ ಉಳಿಯಿತು. ಮುಂಭಾಗದಲ್ಲಿ ಬರಬೇಕಿದ್ದ ಎರಡು ಮಿನಾರುಗಳು ಪೂರ್ಣಗೊಳ್ಳಲೇ ಇಲ್ಲ. ಆದರೆ ಒಳಗಿನ ನೆಲದ ಮೇಲೆ ಒಂದು ಹೊಸ ಕೆಲಸ ನಡೆಯಿತು. ಮುಸಲ್ಲಾದ ಆಕಾರದಲ್ಲಿ 2,250 ಜಾಗಗಳನ್ನು ಗುರುತು ಮಾಡಲಾಯಿತು. ಇದು ಔರಂಗಜೇಬನ ಕಾಲದ್ದೆಂದು ಹೇಳಲಾಗುತ್ತದೆ. ರಾಜ್ಯ ಹೋದ ಮೇಲೂ, ನಗರದ ಮನೆತನಗಳು ಚದುರಿದ ಮೇಲೂ, 1876–78ರ ಭೀಕರ ಬರ ಈ ಸೀಮೆಯನ್ನು ಹಿಂಡಿದಾಗಲೂ ಆ ಗುರುತುಗಳು ಅಲ್ಲಿಯೇ ಇದ್ದವು. ಒಂದೊಂದು ಗುರುತೂ ಒಬ್ಬ ಮನುಷ್ಯನಿಗೆ ಮೀಸಲು. ಅವನು ಯಾರ ಮಗ, ಎಷ್ಟು ಆಸ್ತಿಯವನು ಎಂದು ಆ ನೆಲ ಕೇಳುವುದಿಲ್ಲ. ಬಂದು ನಿಂತರೆ ಸಾಕು, ಅದು ಅವನ ಜಾಗ.

ಜಮಾಅತ್ ಎಂಬುದರ ಅರ್ಥವನ್ನು ಮಕ್ಕಳಿಗೆ ತಿಳಿಸಬೇಕಾದರೆ ಈ ನೆಲವನ್ನು ತೋರಿಸಿದರೆ ಸಾಕಾಗುತ್ತದೆ. ಬದುಕು ತಲೆಕೆಳಗಾದ ದಿನವೂ ನನಗಾಗಿ ಸಾಲಿನಲ್ಲಿ ಒಂದು ಜಾಗವಿದೆ, ಎಡಕ್ಕೊಬ್ಬ ಬಲಕ್ಕೊಬ್ಬ ಸಹೋದರನಿದ್ದಾನೆ ಎಂದು ತಿಳಿದವನಿಗೆ ಭರವಸೆ ಸುಲಭವಾಗಿ ಕಳೆಯುವುದಿಲ್ಲ. ಒಬ್ಬನೇ ಮಾಡುವ ನಮಾಝ್‌ಗಿಂತ ಜಮಾಅತ್‌ನ ನಮಾಝ್‌ಗೆ 27 ಪಟ್ಟು ಶ್ರೇಷ್ಠತೆ ಇದೆ ಎಂದು ಪ್ರವಾದಿ(ಸ) ಕಲಿಸಿದರಲ್ಲವೇ? ಆ ಶ್ರೇಷ್ಠತೆಯ ಒಂದು ಫಲ ಪರಲೋಕದಲ್ಲಿ ಸಿಗುತ್ತದೆ. ಇನ್ನೊಂದು ಫಲ ಇಲ್ಲಿಯೇ, ಈ ಬದುಕಿನ ಏರಿಳಿತದ ನಡುವೆಯೇ ಸಿಗುತ್ತದೆ.

ಸೂರಃ ಅದ್ದುಹಾ ಕಲಿಸುವ ಕ್ರಮ

ಮಕ್ಕಾದ ಆರಂಭದ ದಿನಗಳಲ್ಲಿ ಕೆಲಕಾಲ ದಿವ್ಯವಾಣಿ ಬರುವುದು ನಿಂತಿತು. ಮುಹಮ್ಮದರನ್ನು(ಸ) ಅವರ ಪ್ರಭು ಕೈಬಿಟ್ಟಿದ್ದಾನೆಂದು ವಿರೋಧಿಗಳು ಹಂಗಿಸಿದರು. ಆಗ ಸೂರಃ ಅದ್ದುಹಾ ಅವತೀರ್ಣವಾಯಿತು. ಕೇವಲ 11 ವಚನಗಳ ಈ ಸೂರಃ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠವಿದೆ. ಆದರೆ ಅದರ ಕ್ರಮವನ್ನು ನಾವು ಗಮನಿಸಿದ್ದೇವೆಯೇ?

ಮೊದಲು ಸಾಂತ್ವನ. ಪ್ರಭುವು ಕೈಬಿಟ್ಟಿಲ್ಲ, ಕೋಪಿಸಿಕೊಂಡಿಲ್ಲ, ಮುಂದಿನ ದಿನಗಳು ಹಿಂದಿನವುಗಳಿಗಿಂತ ಉತ್ತಮವಾಗಲಿವೆ ಎಂಬ ಭರವಸೆ ಅಲ್ಲಿದೆ. ನಂತರ ನೆನಪು. ಅನಾಥರಾಗಿದ್ದಾಗ ಆಸರೆ ಸಿಕ್ಕಿತು, ದಾರಿ ತಿಳಿಯದಿದ್ದಾಗ ದಾರಿ ಸಿಕ್ಕಿತು, ಕೊರತೆಯಲ್ಲಿದ್ದಾಗ ಸಂಪನ್ನತೆ ಸಿಕ್ಕಿತು ಎಂದು ಪ್ರವಾದಿಯವರ(ಸ) ಬದುಕಿನದೇ ಘಟನೆಗಳನ್ನು ಅದು ನೆನಪಿಸುತ್ತದೆ. ಕೊನೆಗೆ ಕರ್ತವ್ಯ. ಅನಾಥನ ಮೇಲೆ ದರ್ಪ ತೋರಬಾರದು, ಕೇಳಿ ಬಂದವನನ್ನು ಗದರಿಸಬಾರದು, ಪ್ರಭುವಿನ ಅನುಗ್ರಹವನ್ನು ಹೇಳುತ್ತಿರಬೇಕು.

ಇಲ್ಲಿ ಸಾಂತ್ವನ ಪಡೆದವನಿಗೆ ಕೂಡಲೇ ಸಾಂತ್ವನ ಕೊಡುವ ಹೊಣೆಯೂ ಬರುತ್ತದೆ. ಅಲ್ಲಾಹನು ಅನಾಥನಿಗೆ ಆಸರೆ ಕೊಡುತ್ತಾನೆ. ಆ ಆಸರೆ ಹೆಚ್ಚಿನ ಸಲ ಒಬ್ಬ ದೊಡ್ಡಪ್ಪನ ಕೈಯಿಂದಲೋ, ಒಬ್ಬ ನೆರೆಯವಳ ಕೈಯಿಂದಲೋ ತಲುಪುತ್ತದೆ. ಆ ಕೈ ನಮ್ಮದಾಗಬೇಕೆಂಬುದೇ ಈ ಸೂರಃದ ಕೊನೆಯ ಪಾಠ.

ಉಮ್ಮುಲ್ ಮುಅ್‌ಮಿನೀನ್ ಉಮ್ಮು ಸಲಮಾ(ರ)

ಬದುಕಿನ ಬದಲಾವಣೆಗಳ ನಡುವೆ ಈಮಾನ್ ಹೇಗೆ ಉಳಿಯಿತೆಂದು ತಿಳಿಯಲು ಹಝ್ರತ್ ಉಮ್ಮು ಸಲಮಾರ(ರ) ಜೀವನವನ್ನು ಓದಬೇಕು. ಕ್ರಿ.ಶ. 615ರ ಸುಮಾರಿಗೆ ಮಕ್ಕಾದ ಕಿರುಕುಳ ತಾಳಲಾರದೆ ಪತಿ ಅಬೂ ಸಲಮಾರೊಂದಿಗೆ(ರ) ಅವರು ಸಮುದ್ರ ದಾಟಿ ಅಬಿಸೀನಿಯಾಕ್ಕೆ ಹೋದರು. ಅಲ್ಲಿನ ದೊರೆ ನಜ್ಜಾಶಿ ಕ್ರೈಸ್ತರು. ಅವರ ದರ್ಬಾರಿನಲ್ಲಿ ಹಝ್ರತ್ ಜಾಫರ್(ರ) ಸೂರಃ ಮರ್ಯಮ್‌ನ ಭಾಗವನ್ನು ಓದಿದಾಗ ದೊರೆ ಕಣ್ಣೀರಿಟ್ಟರು, ಮುಸ್ಲಿಮರನ್ನು ಶತ್ರುಗಳ ಕೈಗೆ ಒಪ್ಪಿಸಲು ನಿರಾಕರಿಸಿದರು. ಈ ಘಟನೆಯನ್ನು ನಮಗೆ ತಲುಪಿಸಿದವರು ಉಮ್ಮು ಸಲಮಾ(ರ) ಅವರೇ. ಪರದೇಶದಲ್ಲಿ, ಚರ್ಚುಗಳ ನಾಡಿನಲ್ಲಿ, ಬೆರಳೆಣಿಕೆಯ ಆ ವಲಸಿಗರು ಒಟ್ಟಾಗಿದ್ದುದರಿಂದ ಅವರ ಈಮಾನ್ ಉಳಿಯಿತು. ನ್ಯಾಯವಂತನಾದ ಒಬ್ಬ ಅನ್ಯಧರ್ಮೀಯ ದೊರೆಯ ಆಶ್ರಯದಿಂದ ಅವರ ಪ್ರಾಣ ಉಳಿಯಿತು.

ಮಕ್ಕಾಕ್ಕೆ ಮರಳಿದ ಬಳಿಕ ಮದೀನಾಕ್ಕೆ ಹೊರಡುವಾಗ ಅವರ ತವರಿನವರು ಅವರನ್ನು ತಡೆದರು. ಗಂಡನ ಕುಲದವರು ಮಗುವನ್ನು ಕಿತ್ತುಕೊಂಡರು. ಪತಿ ಮದೀನಾದಲ್ಲಿ, ಮಗು ಬೇರೆಯವರ ಕೈಯಲ್ಲಿ, ತಾವು ಒಬ್ಬಂಟಿ! ಸುಮಾರು ಒಂದು ವರ್ಷ ಅವರು ದಿನವೂ ಊರ ಹೊರಗೆ ಕುಳಿತು ಅಳುತ್ತಿದ್ದರು. ಕೊನೆಗೆ ಬಂಧುವೊಬ್ಬರಿಗೆ ಕನಿಕರ ಹುಟ್ಟಿತು. ಮಗು ಮರಳಿ ಸಿಕ್ಕಿತು. ಮಗುವನ್ನು ಮಡಿಲಲ್ಲಿಟ್ಟುಕೊಂಡು ಒಂಟಿಯಾಗಿ ಒಂಟೆಯ ಮೇಲೆ ಹೊರಟವರನ್ನು ದಾರಿಯಲ್ಲಿ ಕಂಡವರು ಉಸ್ಮಾನ್ ಬಿನ್ ತಲ್ಹಾ. ಅವರು ಆಗ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಆದರೂ ಒಂಟೆಯ ಹಗ್ಗ ಹಿಡಿದು ಮದೀನಾದ ಹತ್ತಿರದ ಕುಬಾದವರೆಗೆ ನಡೆದು ಬಂದರು, ದಾರಿಯುದ್ದಕ್ಕೂ ಸಭ್ಯತೆಯಿಂದ ನಡೆದುಕೊಂಡರು. ಅಂತಹ ಸಜ್ಜನ ಸಂಗಾತಿಯನ್ನು ತಾವು ಕಂಡಿಲ್ಲವೆಂದು ಉಮ್ಮು ಸಲಮಾ(ರ) ಜೀವನವಿಡೀ ಸ್ಮರಿಸಿದರು.

ಮದೀನಾದಲ್ಲಿ ಸಂಸಾರ ಒಂದಾಯಿತು. ಆದರೆ ಉಹುದ್ ಯುದ್ಧದಲ್ಲಾದ ಗಾಯದಿಂದಾಗಿ ಮುಂದೆ ಅಬೂ ಸಲಮಾ(ರ) ತೀರಿಕೊಂಡರು. ಸಣ್ಣ ಮಕ್ಕಳ ವಿಧವೆ ತಾಯಿ! ತಾವು ಕಳೆದುಕೊಂಡದ್ದಕ್ಕಿಂತ ಉತ್ತಮವಾದುದನ್ನು ಕೊಡೆಂದು ಅಲ್ಲಾಹನಲ್ಲಿ ಬೇಡುವ ದುಆವನ್ನು ಅವರು ಕಲಿತಿದ್ದರು. ಅಬೂ ಸಲಮಾರಿಗಿಂತ ಉತ್ತಮರು ಯಾರಿರಲು ಸಾಧ್ಯ ಎಂಬ ಯೋಚನೆ ಮನಸ್ಸಿನಲ್ಲಿ ಬಂತೆಂದು ಅವರೇ ಹೇಳಿದ್ದಾರೆ. ಆದರೂ ಆ ದುಆವನ್ನು ಹೇಳಿದರು. ಮುಂದೆ ಅವರು ಪ್ರವಾದಿಯವರ(ಸ) ಪತ್ನಿಯಾದರು. ಅವರ ಮಕ್ಕಳು ಪ್ರವಾದಿಯವರ(ಸ) ಮನೆಯಲ್ಲಿ ಬೆಳೆದರು. ಹುದೈಬಿಯಾದಲ್ಲಿ ಕ್ರಿ.ಶ. 628ರಲ್ಲಿ ಸಹಾಬಿಗಳೆಲ್ಲ ದುಃಖದಿಂದ ಕೈಚೆಲ್ಲಿ ಕುಳಿತಾಗ ಪ್ರವಾದಿಯವರಿಗೆ(ಸ) ಸೂಕ್ತ ಸಲಹೆ ಕೊಟ್ಟವರು ಅವರೇ.

ಸಹೋದರಿಯರೇ, ಗಮನಿಸಿರಿ. ಅವರ ಮನಸ್ಸಿನಲ್ಲಿ ಸಂದೇಹದಂತಹ ಒಂದು ಪ್ರಶ್ನೆ ಬಂದಿತ್ತು. ಅದರಿಂದ ಅವರ ಈಮಾನ್ ಕೆಡಲಿಲ್ಲ. ವರ್ಷವಿಡೀ ಅತ್ತದ್ದರಿಂದಲೂ ಕೆಡಲಿಲ್ಲ. ಅಳುತ್ತಲೇ ಅವರು ದಾರಿ ಬಿಡದೆ ನಡೆದರು.

ಏರಿಳಿಯುವ ಮನಸ್ಸು

ಕಷ್ಟದ ದಿನಗಳಲ್ಲಿ ನಮಾಝ್‌ನಲ್ಲಿ ಮನಸ್ಸು ನಿಲ್ಲದಿದ್ದರೆ ತಾನು ಕಪಟಿಯಾದೆನೋ ಎಂದು ಹೆದರುವವರಿದ್ದಾರೆ. ಇದೇ ಹೆದರಿಕೆ ಹಝ್ರತ್ ಹಂಝಲಾರಿಗೂ(ರ) ಬಂದಿತ್ತು. ಪ್ರವಾದಿಯವರ(ಸ) ಬಳಿ ಇರುವಾಗ ಸ್ವರ್ಗ ನರಕಗಳು ಕಣ್ಣಮುಂದೆ ಇರುವಂತೆ ಅನಿಸುತ್ತದೆ, ಮನೆಗೆ ಹೋಗಿ ಹೆಂಡತಿ ಮಕ್ಕಳು, ಹೊಟ್ಟೆಪಾಡು ಎಂದು ತೊಡಗಿದೊಡನೆ ಎಷ್ಟೋ ಮರೆತುಹೋಗುತ್ತದೆ ಎಂದು ಅವರು ಹಝ್ರತ್ ಅಬೂಬಕ್ರ್‌ರೊಂದಿಗೆ(ರ) ತೋಡಿಕೊಂಡರು. ತಮಗೂ ಹಾಗೆಯೇ ಆಗುತ್ತದೆಂದು ಅಬೂಬಕ್ರ್(ರ) ಹೇಳಿದರು! ಇಬ್ಬರೂ ಪ್ರವಾದಿಯವರ(ಸ) ಬಳಿಗೆ ಹೋದರು. ಸದಾ ಒಂದೇ ಸ್ಥಿತಿಯಲ್ಲಿದ್ದರೆ ಮಲಕ್‌ಗಳೇ ಬಂದು ಕೈಕುಲುಕುತ್ತಿದ್ದರು, ಆದರೆ ಮನುಷ್ಯನಿಗೆ ಒಂದು ಸಮಯ ಹೀಗೆ, ಇನ್ನೊಂದು ಸಮಯ ಹಾಗೆ ಎಂದು ಪ್ರವಾದಿ(ಸ) ಅವರಿಗೆ ಸಮಾಧಾನ ಹೇಳಿದರು.

ಈ ಘಟನೆಯಲ್ಲಿ ಇನ್ನೊಂದು ಪಾಠ ಅಡಗಿದೆ. ಹಂಝಲಾ(ರ) ತಮ್ಮ ಅಳಲನ್ನು ಒಳಗೇ ಇಟ್ಟುಕೊಳ್ಳಲಿಲ್ಲ. ಹೇಳಿಕೊಂಡರು. ಕೇಳಿದವರು ನಗಲಿಲ್ಲ, ಬೈಯಲಿಲ್ಲ, ಊರೆಲ್ಲ ಸಾರಲಿಲ್ಲ. ತಾನೂ ಅಂತಹವನೇ ಎಂದು ಜೊತೆಗೆ ನಡೆದರು. ನಮ್ಮ ಜಮಾಅತ್‌ಗಳಲ್ಲಿ ಒಬ್ಬ ಯುವಕ ಹೀಗೆ ಹೇಳಿಕೊಳ್ಳಬಹುದಾದ ಒಬ್ಬ ಹಿರಿಯರಾದರೂ ಇದ್ದಾರೆಯೇ?

ಕಾಣದವರನ್ನು ಕೇಳಿರಿ

ಮದೀನಾದ ಮಸೀದಿಯನ್ನು ಗುಡಿಸುತ್ತಿದ್ದ ಒಬ್ಬ ಬಡ ಮಹಿಳೆ ಇದ್ದರು. ಒಂದು ದಿನ ಅವರು ಕಾಣಲಿಲ್ಲ. ಅವರೆಲ್ಲಿ ಎಂದು ಪ್ರವಾದಿ(ಸ) ಕೇಳಿದರು. ತೀರಿಕೊಂಡರೆಂದು ಜನ ಹೇಳಿದರು. ಅದನ್ನೊಂದು ಸಣ್ಣ ಸಂಗತಿಯೆಂದು ಭಾವಿಸಿ ಅವರು ಪ್ರವಾದಿಯವರಿಗೆ(ಸ) ತಿಳಿಸಿರಲಿಲ್ಲ. ಪ್ರವಾದಿಯವರಿಗೆ(ಸ) ಅದು ಸಣ್ಣದಾಗಿರಲಿಲ್ಲ. ನನಗೇಕೆ ತಿಳಿಸಲಿಲ್ಲ ಎಂದು ಕೇಳಿ, ಆಕೆಯ ಸಮಾಧಿಯನ್ನು ತೋರಿಸಿಕೊಂಡು, ಅಲ್ಲಿಗೆ ಹೋಗಿ ನಮಾಝ್ ನಿರ್ವಹಿಸಿದರು.

ಒಂದು ರಾಷ್ಟ್ರದ ಹೊಣೆ ಹೊತ್ತಿದ್ದವರು ಗುಡಿಸುವವರ ಗೈರುಹಾಜರಿಯನ್ನು ಗಮನಿಸಿದರು! ನಮ್ಮ ಮಸೀದಿಯಲ್ಲಿ ಇಷ್ಟು ವರ್ಷ ಫಜ್ರ್‌ಗೆ ಬರುತ್ತಿದ್ದವರು ಎರಡು ವಾರ ಬಾರದಿದ್ದರೆ ನಾವು ಏನು ಮಾಡುತ್ತೇವೆ? ಕಾಯಿಲೆಯೇ, ಸಾಲವೇ, ಮನೆಯಲ್ಲಿ ಜಗಳವೇ, ಯಾರಾದರೂ ಆಡಿದ ಮಾತಿನ ನೋವೇ? ಕೇಳದೆ ತಿಳಿಯುವುದು ಹೇಗೆ? ಸಾಲಿನಲ್ಲಿ ಒಬ್ಬರ ಜಾಗ ಖಾಲಿಯಾದರೆ ಪಕ್ಕದವರು ಸರಿದು ಅದನ್ನು ತುಂಬುವುದು ನಮಾಝ್‌ನ ನಿಯಮ. ಆದರೆ ನಮಾಝ್ ಮುಗಿದ ಮೇಲೆ ಆ ಖಾಲಿಯಾದ ಜಾಗದ ಮನುಷ್ಯನನ್ನು ಹುಡುಕಿ ಹೋಗುವುದು ಸಹೋದರತ್ವದ ನಿಯಮ.

ಊರು ಬಿಟ್ಟು ಬಂದವರು

ತಿಕೋಟಾ ಅಥಣಿಯ ಹಾದಿಯಲ್ಲಿದೆ, ಬಬಲೇಶ್ವರ ಜಮಖಂಡಿಯ ಹಾದಿಯಲ್ಲಿದೆ. ಎರಡೂ ವಿಜಯಪುರದಿಂದ ಬಸ್ಸಿನಲ್ಲಿ ಒಂದು ತಾಸಿನೊಳಗಿನ ದಾರಿ. ಬಿಳಿಜೋಳ, ದ್ರಾಕ್ಷಿ, ದಾಳಿಂಬೆಯ ಸೀಮೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಕೆಲವು ಕಡೆ ತಲುಪಿದ ಮೇಲೆ ಬದುಕು ಸ್ವಲ್ಪ ಹಸಿರಾಗಿದೆ. ಆದರೂ ಬೋರ್‌ವೆಲ್ ಬತ್ತಿದ ವರ್ಷ, ಒಣದ್ರಾಕ್ಷಿ ಒಣಗುವ ಹೊತ್ತಿಗೆ ಅಕಾಲ ಮಳೆ ಸುರಿದ ವರ್ಷ ಒಂದು ಕುಟುಂಬದ ಲೆಕ್ಕವೆಲ್ಲ ಬುಡಮೇಲಾಗುತ್ತದೆ. ಕೆಲವರು ಪುಣೆ, ಸಾಂಗಲಿ, ಗೋವಾ ಕಡೆಗೆ ಗುಳೆ ಹೋಗುತ್ತಾರೆ. ಕೆಲವರು ಮಕ್ಕಳ ಓದಿಗೆಂದು, ಗ್ಯಾರೇಜ್ ಕೆಲಸಕ್ಕೆಂದು, ತಳ್ಳುಗಾಡಿಯ ವ್ಯಾಪಾರಕ್ಕೆಂದು ವಿಜಯಪುರಕ್ಕೆ ಬರುತ್ತಾರೆ.

ಹಳ್ಳಿಯಲ್ಲಿ ಇವರನ್ನು ಎಲ್ಲರೂ ಹೆಸರು ಹಿಡಿದು ಕರೆಯುತ್ತಿದ್ದರು. ಈದ್‌ಗೆ ಶೀರ್‌ಖುರ್ಮಾ ನೆರೆಯ ಗೌಡರ ಮನೆಗೆ ಹೋಗುತ್ತಿತ್ತು, ನಾಗರಪಂಚಮಿಗೆ ಅವರ ಮನೆಯ ಉಂಡಿ ಇವರ ಮನೆಗೆ ಬರುತ್ತಿತ್ತು. ಶಹರದಲ್ಲಿ ಬಾಡಿಗೆ ಮನೆ, ಗುರುತಿಲ್ಲದ ಓಣಿ. ಮಸೀದಿಗೆ ಬಂದು ಕೊನೆಯ ಸಾಲಿನಲ್ಲಿ ನಮಾಝ್ ಮಾಡಿ, ಸಲಾಮ್ ಮುಗಿದೊಡನೆ ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ತಿಂಗಳುಗಟ್ಟಲೆ ಅವರನ್ನು ಯಾರೂ ಮಾತನಾಡಿಸದೆ ಇರುವುದುಂಟು.

ಅಲ್ಲೊಬ್ಬ ಹಿರಿಯರು ಬಾಗಿಲ ಬಳಿ ನಿಂತು, “ಯಾವ ಊರು ತಮ್ಮಾ ನಿಂದು?” ಎಂದು ಕೇಳಿದರೆಂದು ಇಟ್ಟುಕೊಳ್ಳಿ.

“ತಿಕೋಟಾ ಕಡೀವ್ರರೀ ಚಾಚಾ.”

“ಮನಿ ಎಲ್ಲಿ ಮಾಡೀದಿ? ಹುಡುಗ್ರು ಸಾಲಿಗಿ ಹೋಗ್ತಾವೇನು? ನಾಳೆ ಇಶಾ ಆದ ಮ್ಯಾಲೆ ನಮ್ಮ ಮನಿಗಿ ಬಾ, ಚಹಾ ಕುಡಿಯೋಣು.”

ಇಷ್ಟೇ ಮಾತು. ಆದರೆ ಅಂದು ರಾತ್ರಿ ಆ ಮನುಷ್ಯ ಮನೆಗೆ ಹೋಗಿ ಹೆಂಡತಿಗೆ ಹೇಳುವ ಮೊದಲ ಸಂಗತಿ ಅದೇ ಆಗಿರುತ್ತದೆ.

ಮಕ್ಕಾದಿಂದ ಎಲ್ಲವನ್ನೂ ಬಿಟ್ಟು ಬಂದ ಮುಹಾಜಿರ್‌ಗಳನ್ನು ಪ್ರವಾದಿ(ಸ) ಕ್ರಿ.ಶ. 622ರಲ್ಲಿ ಮದೀನಾದ ಅನ್ಸಾರ್‌ಗಳೊಂದಿಗೆ ಸಹೋದರರನ್ನಾಗಿ ಜೋಡಿಸಿದರು. ಹಝ್ರತ್ ಸಅ್‌ದ್ ಬಿನ್ ರಬೀಅ್(ರ) ತಮ್ಮ ಅರ್ಧ ಆಸ್ತಿಯನ್ನೇ ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್‌ರ(ರ) ಮುಂದಿಟ್ಟರು. ಅವರು ದುಆ ಮಾಡಿ, ಮಾರುಕಟ್ಟೆಯ ದಾರಿ ತೋರಿಸಲು ಮಾತ್ರ ಹೇಳಿದರು. ತುಪ್ಪ ಮತ್ತು ಒಣಗಿಸಿದ ಗಿಣ್ಣಿನ ಸಣ್ಣ ವ್ಯಾಪಾರದಿಂದ ಆರಂಭಿಸಿ ಮುಂದೆ ದೊಡ್ಡ ವರ್ತಕರಾದರು. ಕೊಡುವವರು ಕೈ ಬಿಗಿ ಹಿಡಿಯಲಿಲ್ಲ, ಪಡೆಯುವವರು ಸ್ವಾಭಿಮಾನ ಬಿಡಲಿಲ್ಲ. ಇಂದು ವಲಸೆ ಬಂದ ಸಹೋದರನಿಗೆ ನಾವು ಅರ್ಧ ಆಸ್ತಿ ಕೊಡಬೇಕಾಗಿಲ್ಲ. ಮಾರುಕಟ್ಟೆಯ ದಾರಿ ತೋರಿಸಬಹುದಲ್ಲ! ಗುರುತಿನ ಅಂಗಡಿಯಲ್ಲಿ ಕೆಲಸಕ್ಕೆ ಹೇಳಬಹುದು. ಶಾಲೆಯಲ್ಲಿ ಸೀಟು ವಿಚಾರಿಸಬಹುದು. ಪಡಿತರ ಚೀಟಿಯ ವಿಳಾಸ ಬದಲಿಸಲು, ಆಸ್ಪತ್ರೆಗೆ ಹೋಗಲು ಜೊತೆಯಾಗಬಹುದು.

ಸಾವಿನ ಮನೆ

ಬದುಕಿನ ಎಲ್ಲ ಬದಲಾವಣೆಗಳಲ್ಲಿ ದೊಡ್ಡದು ಸಾವು. ಕ್ರಿ.ಶ. 629ರ ಮುಅ್‌ತಾ ಯುದ್ಧದಲ್ಲಿ ಹಝ್ರತ್ ಜಾಫರ್(ರ) ಹುತಾತ್ಮರಾದ ಸುದ್ದಿ ಬಂದಾಗ ಅವರ ಮನೆಯವರಿಗೆ ಅಡುಗೆ ಮಾಡಿ ಕಳುಹಿಸಲು ಪ್ರವಾದಿ(ಸ) ಹೇಳಿದರು. ದುಃಖದಲ್ಲಿರುವವರಿಗೆ ಒಲೆ ಹಚ್ಚುವ ಶಕ್ತಿ ಎಲ್ಲಿರುತ್ತದೆ? ಆದರೆ ನಮ್ಮಲ್ಲಿ ಅನೇಕ ಕಡೆ ಇದು ತಿರುವುಮುರುವಾಗಿದೆ. ಜಿಯಾರತ್, ಚಾಲೀಸ್ವಾಂ ಎಂದು ಸಾವಿನ ಮನೆಯವರೇ ಸಾಲ ಮಾಡಿ ಊರಿಗೆ ಊಟ ಹಾಕಬೇಕಾಗುತ್ತದೆ. ಜನ ಏನೆಂದಾರೋ ಎಂಬ ಹೆದರಿಕೆಯಿಂದ ವಿಧವೆ ತಾಯಿ ಕಿವಿಯ ಓಲೆ ಮಾರಿದರೆ ಆ ಊಟ ಉಂಡವರಿಗೆ ಅದು ಹೇಗೆ ಇಳಿದೀತು? ಈ ವಿಷಯದಲ್ಲಿ ವಾದ ಬೇಡ. ಒಂದು ಓಣಿಯವರು ಸೇರಿ, ಸಾವಿನ ಮನೆಗೆ ಮೂರು ದಿನ ನಾವೇ ಬುತ್ತಿ ಕಳಿಸುತ್ತೇವೆ, ಅವರಿಂದ ಊಟ ನಿರೀಕ್ಷಿಸುವುದಿಲ್ಲ ಎಂದು ನಿರ್ಧರಿಸಿದರೆ ಸಾಕು.

ಅಳುವವರನ್ನು ಅಳಬೇಡಿ ಎಂದು ಗದರಿಸುವುದೂ ಸರಿಯಲ್ಲ. ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿಯವರ(ಸ) ಕಣ್ಣಿಂದ ನೀರು ಹರಿಯಿತು. ಸಬ್ರ್ ಎಂದರೆ ಕಲ್ಲಾಗುವುದಲ್ಲ. ಕಣ್ಣೀರಿನ ನಡುವೆಯೂ ಅಲ್ಲಾಹನ ಬಗ್ಗೆ ಕೆಟ್ಟ ಮಾತು ಆಡದಿರುವುದು, ಮಾಡಬೇಕಾದುದನ್ನು ಬಿಡದಿರುವುದು ಸಬ್ರ್.

ಮನೆಯ ಒಳಗಿನವರು

ಜಮಾಅತ್ ಎಂದೊಡನೆ ನಾವು ಗಂಡಸರ ಸಾಲುಗಳನ್ನಷ್ಟೇ ನೆನೆಯುತ್ತೇವೆ. ಆದರೆ ಬದುಕಿನ ಪೆಟ್ಟು ಮೊದಲು ಬೀಳುವುದು ಮನೆಯ ಒಳಗಿನವರ ಮೇಲೆ. ಮಹಿಳೆಯರನ್ನು ಮಸೀದಿಯಿಂದ ತಡೆಯಬಾರದೆಂದು ಪ್ರವಾದಿ(ಸ) ಕಲಿಸಿದ್ದಾರೆ. ನಮಾಝ್ ದೀರ್ಘವಾಗಿ ನಡೆಸಬೇಕೆಂದು ನಿಂತಿದ್ದರೂ, ಮಗು ಅಳುವ ಸದ್ದು ಕೇಳಿದರೆ ತಾಯಿಯ ಮನಸ್ಸಿಗೆ ನೋವಾಗುವುದೆಂದು ಅದನ್ನು ಚಿಕ್ಕದಾಗಿ ಮುಗಿಸುತ್ತಿದ್ದರು. ಹಿಂದಿನ ಸಾಲಿನ ಒಬ್ಬ ತಾಯಿಯ ಕಳವಳ ಇಮಾಮರಿಗೆ ಗೊತ್ತಾಗುತ್ತಿತ್ತು.

ನಮ್ಮ ವಿಜಯಪುರದ ಚರಿತ್ರೆಯಲ್ಲೂ ಇದಕ್ಕೆ ಒಂದು ಸುಂದರ ಉದಾಹರಣೆಯಿದೆ. ಆದಿಲ್‌ಶಾಹಿ ಕಾಲದ ಇಲ್ಲಿನ ಸೂಫಿ ಗುರುಗಳ ಪರಂಪರೆಯಲ್ಲಿ ದಖನಿ ಭಾಷೆಯ ಚಕ್ಕಿನಾಮಾ, ಚರಖಾನಾಮಾ ಎಂಬ ಹಾಡುಗಳು ರಚನೆಯಾದವು. ಹೆಂಗಸರು ಜೋಳ ಬೀಸುವಾಗ, ನೂಲು ತೆಗೆಯುವಾಗ ಹಾಡುವ ಹಾಡುಗಳವು. ಬೀಸುಕಲ್ಲಿನ ಗೂಟವನ್ನು ‘ಅಲಿಫ್’ ಅಕ್ಷರಕ್ಕೆ ಹೋಲಿಸಿ ಅಲ್ಲಾಹನ ಸ್ಮರಣೆ ಕಲಿಸುವಂತಹವು ಅವುಗಳಲ್ಲಿವೆ. ಮದ್ರಸಾಕ್ಕೆ ಬರಲಾಗದವರ ಬಳಿಗೆ ಅಂದಿನ ಗುರುಗಳು ಪಾಠವನ್ನೇ ಕಳುಹಿಸಿದರು! ಇಂದು ಬೀಸುಕಲ್ಲು ಹೋಗಿ ಗಿರಣಿ ಬಂದಿದೆ. ಆದರೆ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್‌ನಲ್ಲಿ ಕುಳಿತ ವಿಧವೆಯ ಬಳಿಗೆ, ತವರಿಗೆ ಮರಳಿದ ಮಗಳ ಬಳಿಗೆ ಯಾರು ಹೋಗುತ್ತಿದ್ದಾರೆ? ವಾರಕ್ಕೊಮ್ಮೆ ಒಂದು ಮನೆಯಲ್ಲಿ ಹತ್ತು ಮಂದಿ ಸಹೋದರಿಯರು ಸೇರಿ ಕುರ್‌ಆನ್ ಓದಿ, ಅರ್ಥ ಕೇಳಿ, ಒಬ್ಬರ ಸುಖದುಃಖ ಒಬ್ಬರು ವಿಚಾರಿಸಿದರೆ ಅದೂ ಜಮಾಅತ್‌ನ ಕೆಲಸವೇ. ಅಲ್ಲಿ ಕೇಳಿದ ಮಾತು ಮತ್ತೊಂದು ಮನೆಗೆ ಚಾಡಿಯಾಗಿ ಹೋಗಬಾರದು. ಹೋದರೆ ನಾಳೆ ಯಾರೂ ಬಾಯಿ ಬಿಡಲಾರರು.

ನಿರಾಶೆ ಕಾಯಿಲೆಯಾದಾಗ

ಹಝ್ರತ್ ಯಾಕೂಬರು(ಅ) ಮಗನ ಅಗಲಿಕೆಯ ದುಃಖದಲ್ಲಿ ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡರು. ಆದರೂ ಅಲ್ಲಾಹನ ಕರುಣೆಯಲ್ಲಿ ನಿರಾಶರಾಗಬೇಡಿರೆಂದು ಹೇಳಿ, ಯೂಸುಫರನ್ನು(ಅ) ಹುಡುಕಿ ಬರಲು ಮಕ್ಕಳನ್ನು ಕಳುಹಿಸಿದರು. ಭರವಸೆ ಇಟ್ಟವರು ಹುಡುಕುತ್ತಾರೆ, ದಾರಿ ಕೇಳುತ್ತಾರೆ, ಔಷಧ ಮಾಡಿಸುತ್ತಾರೆ.

ಕೆಲವರ ದುಃಖ ಎಷ್ಟು ಆಳಕ್ಕೆ ಇಳಿಯುತ್ತದೆಂದರೆ ಊಟ ನಿದ್ದೆ ಹೋಗುತ್ತದೆ, ಬದುಕೇ ಬೇಡವೆನಿಸುತ್ತದೆ. ಸಾಲದ ಹೊರೆಯಿಂದ ಪ್ರಾಣ ಕಳೆದುಕೊಳ್ಳುವ ಯೋಚನೆಗೆ ಬಂದವರೂ ಇದ್ದಾರೆ. ಇಂತಹವರಿಗೆ ಈಮಾನ್ ಕಡಿಮೆ ಎಂದು ಚುಚ್ಚುವುದು ದೊಡ್ಡ ಅನ್ಯಾಯ. ಜ್ವರ ಬಂದವನನ್ನು ವೈದ್ಯರ ಬಳಿಗೆ ಒಯ್ಯುವಂತೆ ಇವರನ್ನೂ ಒಯ್ಯಬೇಕು, ಒಂಟಿಯಾಗಿ ಬಿಡಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಯ 14416 ಸಂಖ್ಯೆಗೆ ಫೋನ್ ಮಾಡಿದರೆ ಉಚಿತವಾಗಿ ಸಲಹೆ ಸಿಗುತ್ತದೆ. ಈ ಸಂಖ್ಯೆಯನ್ನು ಮಸೀದಿಯ ಫಲಕದ ಮೇಲೆ ಬರೆದಿಡುವುದು ಒಳ್ಳೆಯದು. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಅವಕಾಶ ಕೊಡಬೇಕು, ಮನ್ನಾ ಮಾಡಿದರೆ ಇನ್ನೂ ಒಳ್ಳೆಯದು ಎಂಬುದು ಸೂರಃ ಅಲ್‌ಬಕರಃದ ಬೋಧನೆ. ಕೊಟ್ಟವರು ಇದನ್ನು ನೆನಪಿಡಲಿ. ಬಡ್ಡಿಯ ಕೈಗೆ ಬೀಳುವ ಮೊದಲೇ ಸಹೋದರನನ್ನು ಹಿಡಿದೆತ್ತಲು ಬೈತುಲ್‌ಮಾಲ್‌ನಲ್ಲಿ ಸಣ್ಣ ಕರ್ಝೆ ಹಸನಾದ ವ್ಯವಸ್ಥೆ ಇರಲಿ.

2020ರ ನೆನಪು

ಮಸೀದಿಯ ಬಾಗಿಲು ಮುಚ್ಚಿದರೆ ಜಮಾಅತ್ ಮುಗಿಯಿತೇ? ಕೊರೋನಾದ ಕಾರಣ 2020ರ ಮಾರ್ಚ್ ಕೊನೆಯಿಂದ ಜೂನ್ 8ರವರೆಗೆ ನಮ್ಮ ಮಸೀದಿಗಳಲ್ಲಿ ಸಾರ್ವಜನಿಕ ನಮಾಝ್ ನಡೆಯಲಿಲ್ಲ. ಇಡೀ ರಮಝಾನ್ ತಿಂಗಳು ಮನೆಯಲ್ಲೇ ಕಳೆಯಿತು. ತರಾವೀಹ್ ಮನೆಯ ಪಡಸಾಲೆಯಲ್ಲಿ, ಈದ್ ನಮಾಝ್ ಮನೆಯಲ್ಲಿ. ಪುಟ್ಟ ಮಕ್ಕಳು ತಂದೆಯ ಹಿಂದೆ ನಿಂತು ಮೊದಲ ಬಾರಿ ಸಾಲು ಕಟ್ಟುವುದನ್ನು ಕಲಿತರು. ಆ ದಿನಗಳಲ್ಲಿ ನೆರೆಯವರ ಬಾಗಿಲಿಗೆ ಹಿಟ್ಟು, ಬೇಳೆ, ಔಷಧ ತಲುಪಿಸಿದವರು ಜಮಾಅತ್ ಎಂದರೆ ಏನೆಂದು ತೋರಿಸಿದರು. ಕಟ್ಟಡ ನಮಗೆ ಬೇಕು, ಅದು ಅಲ್ಲಾಹನ ಮನೆ. ಆದರೆ ಅದರೊಳಗೆ ಕಲಿತ ಸಾಲು ಓಣಿಯಲ್ಲೂ ಉಳಿದಿರಬೇಕು.

ನಾವು ಮಾಡಬೇಕಾದದ್ದು

ಬದುಕು ಬದಲಾಗುತ್ತಿರುವ ಸಹೋದರ ಸಹೋದರಿಯರಿಗೆ ಮೊದಲ ಮಾತು: ಸಾಲನ್ನು ಬಿಡಬೇಡಿರಿ. ಮನಸ್ಸು ಸರಿಹೋದ ಮೇಲೆ ಬರುತ್ತೇನೆಂದು ಕಾಯಬೇಡಿರಿ. ಮನಸ್ಸು ಸರಿಯಿಲ್ಲದ ದಿನವೇ ಬನ್ನಿರಿ. ಸಹಾಯ ಬೇಕಾದರೆ ಒಬ್ಬ ನಂಬಿಕಸ್ಥರಲ್ಲಿ ಕೇಳಿರಿ. ಕೇಳುವುದರಿಂದ ಈಮಾನ್‌ಗೆ ಕುಂದಿಲ್ಲ.

ಜಮಾಅತ್‌ನ ಹೊಣೆಗಾರರಿಗೆ ಎರಡನೆಯ ಮಾತು: ಪ್ರತಿ ಶುಕ್ರವಾರ ಜುಮಾದ ಬಳಿಕ ಐದು ನಿಮಿಷ ಕುಳಿತು ಮೂರು ಪ್ರಶ್ನೆ ಕೇಳಿಕೊಳ್ಳಿರಿ. ಈ ವಾರ ಯಾರು ಕಾಣಲಿಲ್ಲ? ಯಾರು ಹೊಸದಾಗಿ ಬಂದರು? ಯಾರ ಮನೆಯಲ್ಲಿ ಒಲೆ ಉರಿಯುವುದು ಕಷ್ಟವಾಗಿದೆ? ಉತ್ತರ ಸಿಕ್ಕಿದೊಡನೆ ಇಬ್ಬರನ್ನು ಅವರ ಮನೆಗೆ ಕಳುಹಿಸಿರಿ. ತಿಕೋಟಾ, ಬಬಲೇಶ್ವರದ ಜಮಾಅತ್‌ನಿಂದ ಒಂದು ಕುಟುಂಬ ವಿಜಯಪುರಕ್ಕೆ ಹೊರಟರೆ ಅಲ್ಲಿನ ಮಸೀದಿಯ ಹೊಣೆಗಾರರಿಗೆ ಒಂದು ಫೋನ್ ಮಾಡಿರಿ. ಗುಳೆ ಹೋದವರು ಮರಳಿ ಬಂದಾಗ ಎಷ್ಟು ಗಳಿಸಿದಿರಿ ಎಂದು ಕೇಳುವ ಮೊದಲು ಹೇಗಿದ್ದೀರಿ ಎಂದು ಕೇಳಿರಿ. ಕಷ್ಟದಲ್ಲಿರುವ ನೆರೆಯವರು ಯಾವ ಧರ್ಮದವರಾದರೂ ಅವರ ಬಾಗಿಲಿಗೂ ಹೋಗಿರಿ. ಉಮ್ಮು ಸಲಮಾರ(ರ) ಒಂಟೆಯ ಹಗ್ಗ ಹಿಡಿದವರನ್ನೂ, ನಜ್ಜಾಶಿ ದೊರೆಯ ಆಶ್ರಯವನ್ನೂ ನಾವು ಮರೆಯುವಂತಿಲ್ಲ.

ಓ ಅಲ್ಲಾಹ್, ನಮ್ಮ ಬದುಕಿನ ಎಲ್ಲ ಸ್ಥಿತಿಗಳಲ್ಲೂ ನಮ್ಮ ಈಮಾನನ್ನು ಕಾಪಾಡು. ದುಃಖದಲ್ಲಿರುವವರ ಮನಸ್ಸಿಗೆ ಶಾಂತಿ ಕೊಡು. ನಮ್ಮನ್ನು ಒಬ್ಬರಿಗೊಬ್ಬರು ಆಸರೆಯಾಗುವವರನ್ನಾಗಿ ಮಾಡು. ಆಮೀನ್.